ಬೋಟಿನ ಪಕ್ಕೆಲುಬಿಗೆ ಬರೀ ಪುಟ್ಟಿ ಮೆತ್ತಿ ಕೊಟ್ಟರೆ ಒಪ್ಪಬೇಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳನ್ನು ದಡಕ್ಕೆ ಎಳೆದು ರಿಪೇರಿ ಮಾಡಿಸುವುದು ಈ 61 ದಿನಗಳಲ್ಲೇ. ಆಗಸ್ಟ್ ಬರುವಷ್ಟರಲ್ಲಿ ಎಲ್ಲರಿಗೂ ಕಡಲಿಗಿಳಿಯುವ ಅವಸರ. ಆ ಅವಸರದ ಮೇಲೇ ದುಡಿಯುವ ಗುತ್ತಿಗೆದಾರರೂ ಇದ್ದಾರೆ. ಅಂಥವರೊಬ್ಬರ ಕೈಗೆ ನಮ್ಮ ಮರದ ಬೋಟು ಸಿಕ್ಕಿತು. ಗಂಗೊಳ್ಳಿ, ಮಲ್ಪೆ, ತದಡಿ ಕಡೆ ಇನ್ನೂ ಮರದ ಬೋಟು ಇಟ್ಟುಕೊಂಡವರು ದಯವಿಟ್ಟು ಓದಿ.

ಇಂಜಿನ್ ಕೂರುವ ಜಾಗದ ಪಕ್ಕದಲ್ಲಿ ಪಕ್ಕೆಲುಬುಗಳು ಸೀಳಿದ್ದವು. ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರಗಳಿವೆಯಲ್ಲ, ಅವು. "ಮರ ಬದಲಿಸಲು ಹೋದರೆ ರಜೆ ಪೂರ್ತಿ ಮುಗಿಯುತ್ತದೆ ಮಾರಾಯ್ರೆ. ಈಗ ಎಪಾಕ್ಸಿ ಅಂತ ಗಟ್ಟಿ ಅಂಟು ಇದೆ, ಕಲ್ಲಿನ ಹಾಗೆ ಹಿಡಿಯುತ್ತದೆ" ಎಂದು ಗುತ್ತಿಗೆದಾರರು ಅಪ್ಪನನ್ನು ಒಪ್ಪಿಸಿದರು. ಬಿರುಕಿಗೆ ಆ ಎಪಾಕ್ಸಿಯ ಪುಟ್ಟಿ ತುಂಬಿದರು. ಮೇಲೆ ಕಬ್ಬಿಣದ ಪಟ್ಟಿ ಬಡಿದರು. ತಳಕ್ಕೆ ಸಿಮೆಂಟ್ ಸುರಿದು, ಫೈಬರ್ ಹೊದಿಸಿ, ಬಣ್ಣ ಬಳಿದರು. ನೋಡಲು ಹೊಸ ಬೋಟು!

ಸೀಸನ್ ಶುರುವಾಗಿ ಸ್ವಲ್ಪ ದಿನಕ್ಕೇ ಒಳಗೆ ನೀರು ಜಾಸ್ತಿಯಾಗತೊಡಗಿತು. ಒಂದು ರಾತ್ರಿ ಅಲೆ ಎದ್ದಾಗ ಹಲಗೆಯ ಸಂದುಗಳೇ ಬಾಯಿಬಿಟ್ಟವು. ಬೋಟಿನಲ್ಲಿದ್ದವರು ಪಂಪ್ ನಿಲ್ಲಿಸದೆ ಓಡಿಸಿಕೊಂಡು ಹೇಗೋ ಅಳಿವೆ ದಾಟಿ ಬಂದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬಲೆ ಹೋಯಿತು, ಆ ಸೀಸನ್ನಿನ ದುಡಿಮೆಯೂ ಹೋಯಿತು. ಗುತ್ತಿಗೆದಾರರು ಫೋನ್ ಎತ್ತುವುದನ್ನೇ ಬಿಟ್ಟರು.

ಆಮೇಲೆ ಒಬ್ಬ ಹಳೆಯ ಮೇಸ್ತ್ರಿಯವರು ಸಿಮೆಂಟ್ ಒಡೆದು ತೆಗೆದರು. ಒಳಗೆ ಮರ ಪೂರ್ತಿ ಕುಂಬು. ಉಳಿಯ ತುದಿ ಒತ್ತಿದರೆ ಸಲೀಸಾಗಿ ಇಳಿಯುತ್ತಿತ್ತು. ಪುಟ್ಟಿ ಹಾಳೆಹಾಳೆಯಾಗಿ ಕೈಗೇ ಬಂತು. ಬರದೆ ಇನ್ನೇನು? ವರ್ಷಗಟ್ಟಲೆ ಮೀನೆಣ್ಣೆ, ಡೀಸೆಲ್ ಕುಡಿದ ಒದ್ದೆ ಮರಕ್ಕೆ ಎಪಾಕ್ಸಿ ಅಂಟುವುದಿಲ್ಲ. ಅದೂ ಮಳೆಗಾಲದಲ್ಲಿ.

ಸೀಳಲು ಕಾರಣವೂ ಆಗಲೇ ಗೊತ್ತಾಯಿತು. ಹಳೆಯ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಊದಿಕೊಂಡಿದ್ದವು. ಊದಿದ ಮೊಳೆ ಮರವನ್ನು ಒಳಗಿನಿಂದಲೇ ಸೀಳುತ್ತದೆ. ಅದರ ಮೇಲೆ ಇಂಜಿನ್ ನಡುಕ ಬೇರೆ. ಹೊರಗಿನಿಂದ ಎಷ್ಟು ಮೆತ್ತಿದರೂ ಒಳಗಿನ ಮೊಳೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಿಮೆಂಟ್. ಪಕ್ಕೆಲುಬಿನ ಬುಡದಲ್ಲಿ ನೀರು ಪಂಪಿನ ಕಡೆ ಹರಿಯಲು ತೂತು ಇರುತ್ತದೆ. ಅದು ಮುಚ್ಚಿಹೋಗಿತ್ತು. ಮಳೆನೀರು ಅಲ್ಲೇ ನಿಂತಿತ್ತು. ಉಪ್ಪುನೀರಿನಲ್ಲಿ ಮರ ಅಷ್ಟು ಬೇಗ ಕುಂಬಾಗುವುದಿಲ್ಲ, ಸಿಹಿನೀರು ನಿಂತರೆ ಆಗುತ್ತದೆ. ಇದನ್ನು ಬೋಟು ರಿಪೇರಿಯವರೇ ಮರೆತರೆ ಹೇಗೆ?

ಮೇಸ್ತ್ರಿಯವರು ಮಾಡಿದ್ದು ಬೇರೆ ರೀತಿ. ಕುಂಬು ಹಿಡಿದದ್ದನ್ನು ಗಟ್ಟಿ ಮರ ಸಿಗುವವರೆಗೆ ಕಡಿದರು. ಒಂದೇ ಸಲ ಎಲ್ಲ ಬಿಚ್ಚಲಿಲ್ಲ, ಒಂದು ಬಿಟ್ಟು ಒಂದು ಬಿಚ್ಚಿದರು. ಎಲ್ಲ ಒಟ್ಟಿಗೆ ತೆಗೆದರೆ ಬೋಟಿನ ಆಕಾರವೇ ಕೆಡುತ್ತದಂತೆ. ಹೊಸದಕ್ಕೆ ಹೆಬ್ಬಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು. ಅದರಲ್ಲೂ ಬಾಗಿ ಬೆಳೆದ ತುಂಡನ್ನೇ ಹುಡುಕಿ ತಂದರು. ನೇರ ಹಲಗೆಯಿಂದ ಬಾಗು ಕೊಯ್ದರೆ ಎಳೆ ಅಡ್ಡಕ್ಕೆ ತುಂಡಾಗುತ್ತದೆ, ಮತ್ತೆ ಅಲ್ಲೇ ಸೀಳುತ್ತದೆ. ಚೆನ್ನಾಗಿದ್ದೂ ಸ್ವಲ್ಪ ಬಿರುಕು ಬಿಟ್ಟವಕ್ಕೆ ಪಕ್ಕದಲ್ಲಿ ಜೋಡಿ ಮರ ಕೊಟ್ಟರು, ಬಿರುಕಿನ ಎರಡೂ ಕಡೆ ಸಾಕಷ್ಟು ಮುಂದೆ ಹೋಗುವಂತೆ. ಆ ಜೋಡಿ ಮರಗಳ ತುದಿ ಎಲ್ಲವೂ ಒಂದೇ ಹಲಗೆಯ ಮೇಲೆ ಮುಗಿಯಬಾರದು, ಭಾರವೆಲ್ಲ ಅದೊಂದೇ ಹಲಗೆಗೆ ಬೀಳುತ್ತದೆ. ಬೋಲ್ಟುಗಳೂ ಮರದ ಒಂದೇ ಎಳೆಯ ಸಾಲಿನಲ್ಲಿ ಇರಬಾರದು.

ಖರ್ಚು ಮೊದಲಿನದಕ್ಕಿಂತ ಜಾಸ್ತಿಯೇ ಆಯಿತು. ಮೊದಲಿನದು ನೀರಿಗೆ ಹಾಕಿದ ದುಡ್ಡು ಬಿಡಿ.

ಈ ಸಲ ರಿಪೇರಿಗೆ ಕೊಡುವವರು ಇಷ್ಟು ಮಾಡಿ. ಬಣ್ಣ, ಫೈಬರ್ ಯಾವುದೂ ಬೀಳುವ ಮೊದಲು ಬಿಚ್ಚಿದ ಪಕ್ಕೆಲುಬನ್ನು ಕಣ್ಣಾರೆ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಸುತ್ತಿಗೆಯಿಂದ ತಟ್ಟಿ, ಮಂಕು ಸದ್ದು ಬಂದರೆ ಉಳಿ ಹಾಕಿ ನೋಡಲು ಹೇಳಿ. ಸೀಳಿದ್ದೇಕೆ ಎಂದು ಕೇಳಿ. "ಹಳೆಯ ಬೋಟಲ್ವಾ" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಕೊನೆಯ ಕಂತಿನ ದುಡ್ಡನ್ನು ಬೋಟು ನೀರಿಗಿಳಿದು, ಒಳಗೆ ಎಷ್ಟು ನೀರು ಬರುತ್ತಿದೆ ಎಂದು ನೋಡಿದ ಮೇಲೆಯೇ ಕೊಡಿ. ದಡದಲ್ಲಿರುವಾಗ ಮಳೆನೀರು ಒಳಗೆ ನಿಲ್ಲದಂತೆ ಟಾರ್ಪಾಲು ಕಟ್ಟಿಸುವುದನ್ನು ಗುತ್ತಿಗೆಯಲ್ಲೇ ಸೇರಿಸಿಬಿಡಿ.