ಟೇಬಲ್ ಸಾಗೆ ಮನೆಯಲ್ಲೇ ಫೆನ್ಸ್: ಕಬ್ಬಿಣದ ಪೈಪೋ, ಅಲ್ಯೂಮಿನಿಯಂ ಪ್ರೊಫೈಲೋ?

ಟೇಬಲ್ ಸಾ ಎಂದರೆ ಮೇಜಿನ ಮೇಲೆ ಬ್ಲೇಡ್ ಎದ್ದಿರುವ ಗರಗಸ; ಮರವನ್ನು ಒರಗಿಸಿ ನೇರವಾಗಿ ಸೀಳಲು ಬ್ಲೇಡಿನ ಪಕ್ಕದಲ್ಲಿರುವ ಪಟ್ಟಿಯೇ ಫೆನ್ಸ್. ಟೇಬಲ್ ಬೀಡು ಕಬ್ಬಿಣದ್ದಾಗಿದ್ದು, ದೊಡ್ಡ ಪ್ಲೈವುಡ್ ಹಾಳೆ ಸೀಳುವ ಕೆಲಸವಿದ್ದರೆ ಕಬ್ಬಿಣವೇ ಸರಿ. ಟೇಬಲಿನ ಮುಂದಂಚಿಗೆ 50×50×6 ಮಿ.ಮೀ. ಆಂಗಲ್ (ಎಲ್ ಆಕಾರದ ಪಟ್ಟಿ), ಅದಕ್ಕೆ ಫೆನ್ಸ್ ಜಾರುವ 50×50×3ರ ಸ್ಕ್ವೇರ್ ಪೈಪ್ ರೈಲು. ಆಂಗಲ್‌ನ ಮೇಲಂಚು ಟೇಬಲ್ ಮಟ್ಟಕ್ಕಿಂತ 12 ಮಿ.ಮೀ. ಕೆಳಗಿರಲಿ, ಇಲ್ಲವಾದರೆ ಅಡ್ಡ ಕೊಯ್ಯುವಾಗ ಟೇಬಲಿನ ಗಾಡಿಯಲ್ಲಿ (ಉದ್ದ ತೋಡಿನಲ್ಲಿ) ಜಾರಿಸುವ ಮೈಟರ್ ಗೇಜ್‌ನ ಪಟ್ಟಿ ಅದಕ್ಕೆ ತಡೆದು ನಿಲ್ಲುತ್ತದೆ. ಪೈಪಿನ ಒಳಗೆ ಇಣುಕಿ ನೋಡಿ: ವೆಲ್ಡಿಂಗ್ ಗೆರೆ ಇರುವ ಮುಖವನ್ನು ಫೆನ್ಸ್ ಒತ್ತುವ ಕಡೆಗೆ ಇಡಬೇಡಿ.

ಕಷ್ಟವೆಲ್ಲ ರೈಲನ್ನು ಹಿಡಿಯುವ, ಫೆನ್ಸಿನ ಟಿ ಆಕಾರದ ತಲೆಯಲ್ಲಿ. ವೆಲ್ಡ್ ಆರುವಾಗ ಲೋಹವನ್ನು ಎಳೆಯುತ್ತದೆ. ಮೂಲೆಮಟ್ಟಕ್ಕೆ ಎಷ್ಟೇ ಹಿಡಿದಿದ್ದರೂ ಫೆನ್ಸ್ ವಾಲುತ್ತದೆ. ಹಾಗಾಗಿ ಬೋಲ್ಟ್ ಹಾಕುವುದೇ ಜಾಣತನ. ತಲೆ ಕನಿಷ್ಠ 300 ಮಿ.ಮೀ. ಅಗಲವಿರಲಿ, ಎರಡು ತುದಿಗೂ ಒಂದೊಂದು ಅಡ್ಜಸ್ಟಿಂಗ್ ಸ್ಕ್ರೂ ಕೊಡಿ.

ಉದ್ದಕ್ಕೂ ಗಾಡಿಗಳಿರುವ ಅಲ್ಯೂಮಿನಿಯಂ ಪ್ರೊಫೈಲ್ (ಫೆನ್ಸಿಗೆ 40×80, ರೈಲಿಗೆ 40×40) ನೇರವಾಗಿಯೇ ಬರುತ್ತದೆ, ವೆಲ್ಡಿಂಗ್ ಬೇಡ, ಒಂದು ದಿನದಲ್ಲಿ ಮುಗಿಯುತ್ತದೆ. ಬೆಂಚ್ ಮೇಲಿಡುವ ಹಗುರ ಸಾಗೆ ಇದೇ ಒಪ್ಪುತ್ತದೆ. ಕಬ್ಬಿಣದ ತೂಕಕ್ಕೆ ಅಂಥ ಸಾ ಮುಂದಕ್ಕೆ ಮುಗ್ಗರಿಸೀತು. ಆದರೆ ಮುಂದೆ ಮಾತ್ರ ಬಿಗಿದರೆ ಹಿಂದಿನ ತುದಿ ಬಾಗುತ್ತದೆ, ಅಲ್ಲೂ ಒಂದು ಕ್ಲ್ಯಾಂಪ್ ಬೇಕು. ಪ್ರೊಫೈಲಿನ ಗಾಡಿಯಲ್ಲಿ ಮರದ ಹುಡಿ ಕೂತು, ಅದರೊಳಗೆ ಜಾರುವ ಟಿ-ನಟ್ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಕಿರಿಕಿರಿ.

ಯಾವುದೇ ಆಗಲಿ, ಮೊದಲು ಬ್ಲೇಡ್, ಆಮೇಲೆ ಫೆನ್ಸ್, ಎರಡನ್ನೂ ಮೈಟರ್ ಗಾಡಿಗೆ ಸಮಾನಾಂತರ ಮಾಡಿ. ಫೆನ್ಸಿನ ಹಿಂತುದಿ 0.1 ಮಿ.ಮೀ. ದೂರ ಸರಿದಿದ್ದರೆ ಚಿಂತೆಯಿಲ್ಲ. ಬ್ಲೇಡಿನ ಕಡೆಗೆ ವಾಲಿದ್ದರೆ ಮರ ಸಿಕ್ಕಿಕೊಂಡು ನಿಮ್ಮತ್ತಲೇ ಚಿಮ್ಮುತ್ತದೆ.