ಘಾಟಿ ರಸ್ತೆ, ಸರಿಯಿಲ್ಲದ ಸೀಟು: ಮೂರು ಮಳೆಗಾಲ ಓಡಿಸಿದ ಮೇಲೆ

ನಮ್ಮದು ಸಣ್ಣ ಎಸ್‌ಯುವಿ, ಪೆಟ್ರೋಲ್, ಮಧ್ಯದ ವೇರಿಯಂಟ್. ಎಂಜಿನ್ ಬಗ್ಗೆ ತಕರಾರಿಲ್ಲ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗಲೂ ಎಳೆತ ಚೆನ್ನಾಗಿದೆ, ಮೈಲೇಜೂ ಪರವಾಗಿಲ್ಲ. ತೊಂದರೆಯೆಲ್ಲ ಸೀಟಿನದು.

ಡ್ರೈವರ್ ಸೀಟಿನ ಕುಶನ್ ಗಿಡ್ಡ, ಅರ್ಧ ತೊಡೆಗೇ ಆಸರೆ ಮುಗಿಯುತ್ತೆ. ಚಿಕ್ಕಮಗಳೂರು ಊರೊಳಗೆ ಓಡಾಡಿದರೆ ಗೊತ್ತೇ ಆಗಲ್ಲ. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತೆ. ಹಿಂದಿನ ಸೀಟಿನ ಹೆಡ್‌ರೆಸ್ಟ್ ಸೀಟಿನ ಜೊತೆಗೇ ಸೇರಿಕೊಂಡಿರುವಂಥದ್ದು, ಮೇಲಕ್ಕೆ ಎಳೆಯಲು ಬರಲ್ಲ. ಎತ್ತರದ ನನ್ನ ತಮ್ಮ ಕೂತರೆ ಅದು ಕುತ್ತಿಗೆ ಮಟ್ಟಕ್ಕೆ ನಿಲ್ಲುತ್ತೆ. ಹಿಂದಿನಿಂದ ಯಾವುದಾದರೂ ಗಾಡಿ ಗುದ್ದಿದರೆ ತಲೆ ಹಿಂದಕ್ಕೆ ಬಾಗಿ ಕುತ್ತಿಗೆ ಉಳುಕದಂತೆ ತಡೆಯಬೇಕಾದ್ದೇ ಅದು, ಒರಗಿಕೊಳ್ಳುವ ದಿಂಬಲ್ಲ.

ಸೀಟ್ ಕವರ್ ಅಂಗಡಿಯವರು ದಪ್ಪ ಕುಶನ್ ಹಾಕಿ ಸುತ್ತ ಕವರ್ ಹೊಲಿದುಕೊಡ್ತೀವಿ ಅಂದರು. ನಾನು ಒಪ್ಪಲಿಲ್ಲ. ನಮ್ಮ ಗಾಡಿಯ ಸೈಡ್ ಏರ್‌ಬ್ಯಾಗ್ ಇರುವುದು ಮುಂದಿನ ಸೀಟಿನ ಪಕ್ಕದಲ್ಲೇ. ಅದರ ಮೇಲೆ ಬಿಗಿ ಕವರ್ ಬಂದರೆ ಸಮಯಕ್ಕೆ ಅರಳಲು ಅಡ್ಡಿ. ಮೆತ್ತನೆ ಕುಶನ್ ಮೇಲೆ ಕೂತವರು ಡಿಕ್ಕಿಯಾದಾಗ ಬೆಲ್ಟಿನ ಅಡಿಗೆ ಜಾರಿಹೋಗುವ ಅಪಾಯವೂ ಇದೆ, ಆಗ ಬೆಲ್ಟ್ ಹೊಟ್ಟೆಯನ್ನೇ ಒತ್ತುತ್ತೆ.

ಇದಿಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಎರಡನೇ ಮಳೆಗಾಲದಲ್ಲಿ ಡ್ರೈವರ್ ಸೀಟಿನ ಬೆನ್ನು ಅಲ್ಲಾಡಲು ಶುರುವಾಯಿತು. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಟ್ ಅಂತ ಸದ್ದು ಮಾಡಿ ಒಂದು ಬೆರಳಿನಷ್ಟು ಮುಂದೆ ಬರುತ್ತೆ, ಬ್ರೇಕ್ ಬಿಟ್ಟರೆ ಹಿಂದಕ್ಕೆ ಹೋಗುತ್ತೆ. ಒಂದು ಕಡೆ ಪ್ರಪಾತ ಇರುವ ರಸ್ತೆಯಲ್ಲಿ ಬೆನ್ನ ಹಿಂದಿನ ಆಸರೆಯೇ ಸರಿದಾಡಿದರೆ ಸ್ಟೀರಿಂಗ್ ಮೇಲಿನ ಹಿಡಿತ ಏನಾಗಬೇಕು? ಅದಕ್ಕಿಂತ ಹೆದರಿಸಿದ್ದು ಹಿಂದಿನ ಬೆಲ್ಟು. ಅಮ್ಮ ಹಾಕಿಕೊಂಡಾಗ ಕ್ಲಿಕ್ ಅಂತು, ನಾನು ಕೈಯಿಂದ ಎಳೆದು ನೋಡಿದರೆ ಬಕಲ್‌ನಿಂದ ಹೊರಗೇ ಬಂತು.

ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಸಿಕ್ಕ ಉತ್ತರ, "ಎಲ್ಲಾ ಗಾಡೀಲೂ ಸ್ವಲ್ಪ ಪ್ಲೇ ಇರುತ್ತೆ ಸರ್." ಜಾಬ್ ಕಾರ್ಡ್‌ನಲ್ಲಿ "ಸೀಟ್ ನಾಯ್ಸ್" ಅಂತ ಬರೆದಿದ್ದರು. ಸದ್ದಲ್ಲ, ಸೀಟ್ ಲಾಕ್ ಸಡಿಲ, ಬೆಲ್ಟ್ ಲಾಕ್ ಆಗ್ತಿಲ್ಲ ಅಂತ ಬರೆಸಿ, ಪ್ರತಿ ತಗೊಂಡೇ ಬಂದೆ. ಆಮೇಲೆ ಬಕಲ್ ಅನ್ನು ವಾರಂಟಿಯಲ್ಲಿ ಬದಲಿಸಿಕೊಟ್ಟರು. ಸೀಟಿಗೆ ಬೋಲ್ಟ್ ಬಿಗಿದು ಕಳಿಸಿದರು. ಸ್ವಲ್ಪ ದಿನಕ್ಕೇ ಮತ್ತೆ ಕಟ್ ಕಟ್.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಸೇರಿದ 110ಎ ಕಲಂ ಪ್ರಕಾರ, ಜನರ ಸುರಕ್ಷತೆಗೆ ಧಕ್ಕೆ ತರುವ ದೋಷವಿದ್ದರೆ ಗಾಡಿಗಳನ್ನು ವಾಪಸ್ ಕರೆಸುವಂತೆ ಕಂಪನಿಗೆ ಕೇಂದ್ರ ಸರ್ಕಾರ ಆದೇಶ ಮಾಡಬಹುದು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತೆ. ದೂರುಗಳ ಸಂಖ್ಯೆಯೂ ಅಲ್ಲಿ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಜಾಬ್ ಕಾರ್ಡ್, ವಿಡಿಯೊ ಸಮೇತ ದೂರು ಸಲ್ಲಿಸಿದ್ದೇನೆ. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ.

ನಿಮ್ಮ ಗಾಡಿಯಲ್ಲೂ ಸೀಟಿನ ಬೆನ್ನು ಹಿಡಿದು ಅಲ್ಲಾಡಿಸಿ ನೋಡಿ. ಎಲ್ಲ ಬೆಲ್ಟ್ ಹಾಕಿ ಜಗ್ಗಿ. ದೋಷ ಕಂಡರೆ ಬಾಯಲ್ಲಿ ಹೇಳಿ ಬರಬೇಡಿ, ಬರೆಸಿ ಬನ್ನಿ.