ಜಪಾನ್ ಓವರ್‌ಪ್ರಿಂಟ್ ಸ್ಟಾಂಪ್ ಕೊಳ್ಳುವವರು ಗಮನಿಸಿ

'ಬಿ.ಸಿ.ಒ.ಎಫ್. ಜಪಾನ್ 1946' ಎಂದು ಓವರ್‌ಪ್ರಿಂಟ್ ಆದ (ಅಂದರೆ ಮೊದಲೇ ಅಚ್ಚಾದ ಚೀಟಿಯ ಮೇಲೆ ಆಮೇಲೆ ಅಕ್ಷರ ಒತ್ತಿದ) ಆಸ್ಟ್ರೇಲಿಯಾ ಸ್ಟಾಂಪ್‌ಗಳ ಪೂರ್ತಿ ಸೆಟ್ ಒಂದನ್ನು ಒಬ್ಬ ವ್ಯಾಪಾರಿ ನನಗೆ ಮಾರಿದ. ಒಟ್ಟು ಏಳು ಚೀಟಿ. ಅದರಲ್ಲಿ ದುಬಾರಿಯಾದ ಎರಡೂ, ಅಂದರೆ 2 ಶಿಲಿಂಗ್ ಮತ್ತು 5 ಶಿಲಿಂಗ್, ನಕಲಿ. ದುಡ್ಡು ವಾಪಸ್ ಬರಲಿಲ್ಲ. ಬೇರೆಯವರಿಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಎರಡನೇ ಮಹಾಯುದ್ಧದ ನಂತರ ಹಿರೋಶಿಮಾ ಸೇರಿದಂತೆ ಪಶ್ಚಿಮ ಜಪಾನಿನ ಒಂದು ಭಾಗ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯ, ಅಂದರೆ ಬಿ.ಸಿ.ಒ.ಎಫ್.ನ, ಕೈಯಲ್ಲಿತ್ತು. ಅಲ್ಲಿ ಆಸ್ಟ್ರೇಲಿಯಾ ಸ್ಟಾಂಪ್ ಕೊಂಡು ಆಸ್ಟ್ರೇಲಿಯಾದಲ್ಲಿ ಮಾರಿ ಹಣ ಮಾಡುವುದನ್ನು ತಡೆಯಲು ಈ ಓವರ್‌ಪ್ರಿಂಟ್ ತಂದರು. ಒತ್ತಿದ್ದು ಹಿರೋಶಿಮಾದ ಮುದ್ರಣಾಲಯವೊಂದರಲ್ಲಿ. ಆ ಪಡೆಯಲ್ಲಿ ಭಾರತದ 268ನೇ ಬ್ರಿಗೇಡ್ ಕೂಡ ಇತ್ತು. ಅದನ್ನು ಮುನ್ನಡೆಸಿದವರು ನಮ್ಮ ಕೊಡಗಿನ ತಿಮ್ಮಯ್ಯನವರು. ವ್ಯಾಪಾರಿ ಬಳಸಿಕೊಂಡಿದ್ದು ಇದನ್ನೇ. "ತಿಮ್ಮಯ್ಯನವರ ಜೊತೆ ಜಪಾನಿಗೆ ಹೋಗಿದ್ದ ಸೈನಿಕನ ಮನೆಯಿಂದ ಬಂದದ್ದು ಸಾರ್" ಎಂದ. ನಮ್ಮವರ ಹೆಸರು ಕೇಳಿದರೆ ಯಾರಿಗೆ ಖುಷಿಯಾಗಲ್ಲ? ಆದರೆ ಭಾರತೀಯ ತುಕಡಿಗಳಿಗೆ ತಮ್ಮದೇ ಫೀಲ್ಡ್ ಪೋಸ್ಟ್ ಆಫೀಸ್‌ಗಳು (ಸೇನೆಯ ಅಂಚೆ ಕಚೇರಿಗಳು) ಇದ್ದವು, ಆಸ್ಟ್ರೇಲಿಯಾ ಚೀಟಿ ಬೇಕಿರಲಿಲ್ಲ. ಸೈನಿಕನೊಬ್ಬ ನೆನಪಿಗೆಂದು ಈ ಚೀಟಿಗಳನ್ನೂ ತಂದಿರಬಹುದು, ಇಲ್ಲ ಅನ್ನಲ್ಲ. ಕಥೆ ಮಾತ್ರ ಪುರಾವೆ ಆಗಲ್ಲ.

ಓವರ್‌ಪ್ರಿಂಟ್‌ನಲ್ಲಿ ಮೋಸ ಸುಲಭ. ಕೆಳಗಿನ ಸ್ಟಾಂಪ್ ನೂರಕ್ಕೆ ನೂರು ಅಸಲಿ. ಕಾಗದ, ವಾಟರ್‌ಮಾರ್ಕ್ (ಕಾಗದದೊಳಗಿನ ಗುರುತು), ಪರ್ಫೊರೇಷನ್ (ಅಂಚಿನ ತೂತುಗಳು) ಎಲ್ಲ ಸರಿಯಾಗೇ ಇರುತ್ತವೆ. ಸುಳ್ಳು ಇರುವುದು ಆ ಮೂರು ಸಾಲಿನ ಕಪ್ಪು ಮಸಿಯಲ್ಲಿ ಮಾತ್ರ.

ನನ್ನ 5 ಶಿಲಿಂಗ್ ಚೀಟಿಯ ಮೇಲಿನ ಅಂಚೆ ಮುದ್ರೆಯಲ್ಲಿ 1946 ಎಂದಿತ್ತು. "ನೋಡಿ, ಎರಡೂ ಕಡೆ ಒಂದೇ ವರ್ಷ" ಎಂದು ಅವನೇ ತೋರಿಸಿದ್ದ. ಸಿಕ್ಕಿಬಿದ್ದಿದ್ದೂ ಅದರಿಂದಲೇ. ಅರ್ಧ ಪೆನ್ನಿ, 1 ಪೆನ್ನಿ, 3 ಪೆನ್ಸ್ ಚೀಟಿಗಳು 1946ರ ಅಕ್ಟೋಬರ್ 12ರಂದು ಬಂದು ಎರಡೇ ದಿನಕ್ಕೆ ನಿಂತುಹೋದವು. 5 ಶಿಲಿಂಗ್ ಸೇರಿ ಉಳಿದ ನಾಲ್ಕು ಮೊದಲ ಸಲ ಬಂದಿದ್ದು 1947ರ ಮೇ 8ರಂದು. ಹಾಗಾದರೆ 1946ರ ಮುದ್ರೆ ಅದರ ಮೇಲೆ ಎಲ್ಲಿಂದ ಬರಬೇಕು? ಭೂತಗನ್ನಡಿ ಹಿಡಿದರೆ ಇನ್ನೂ ಸ್ಪಷ್ಟ. ಅಂಚೆ ಮುದ್ರೆ ಅಡಿಯಲ್ಲಿತ್ತು, 'ಜಪಾನ್' ಅಕ್ಷರಗಳು ಅದರ ಮೇಲೆ ಕೂತಿದ್ದವು. ಮುದ್ರೆಯ ಊರೂ ಮೆಲ್ಬರ್ನ್, ಜಪಾನಿನ ಸೇನಾ ಅಂಚೆ ಕಚೇರಿಯದ್ದಲ್ಲ. ಆಸ್ಟ್ರೇಲಿಯಾದಲ್ಲೇ ಬಳಸಿ ಎಸೆದ ಚೀಟಿಗೆ ಆಮೇಲೆ ಯಾರೋ ಅಕ್ಷರ ಒತ್ತಿದ್ದರು.

2 ಶಿಲಿಂಗ್ ಚೀಟಿಯ '6' ಅಂಕಿ ಬೇರೆ ಥರ ಇದೆಯಲ್ಲ ಎಂದು ಕೇಳಿದಾಗ "ಅದು ವೆರೈಟಿ, ಬೆಲೆ ಜಾಸ್ತಿ" ಎಂಬ ಉತ್ತರ ಬಂತು. ವೆರೈಟಿ ಅಂದರೆ ಅಸಲಿ ಚೀಟಿಯಲ್ಲೇ ಮುದ್ರಣದಲ್ಲಾದ ಸಣ್ಣ ವ್ಯತ್ಯಾಸ. ಅಸಲಿ ಹಾಳೆಗಳಲ್ಲೂ ಬೇರೆ ಅಚ್ಚಿನ 6, ಕಿರಿದಾದ 'ಎನ್' ಇರುವುದು ನಿಜ. ಅದಕ್ಕೇ ಈ ಮಾತು ನಂಬಿಕೆ ಹುಟ್ಟಿಸುತ್ತದೆ. ಖಚಿತವಾದ ಅಸಲಿ ಪ್ರತಿಯ ದೊಡ್ಡ ಸ್ಕ್ಯಾನ್ ಪಕ್ಕಕ್ಕಿಟ್ಟು ಒಂದೊಂದೇ ಅಕ್ಷರ ಹೋಲಿಸಿ. ಮಸಿ ಕಾಗದದ ಎಳೆಗಳಲ್ಲಿ ಹರಡಿದ್ದರೆ ಇಂಕ್‌ಜೆಟ್ ಅಂತ ಅನುಮಾನ ಪಡಿ. ಮೇಲೆ ಪುಡಿಯಂತೆ ಕೂತು ಹೊಳೆದರೆ ಲೇಸರ್ ಪ್ರಿಂಟರ್ ಇರಬಹುದು.

ಜರ್ಮನಿಯ ಚೀಟಿ ಸಂಗ್ರಹಿಸುವವರಿಗೂ ಇದೇ ಕಾಟ. ಪಶ್ಚಿಮ ಬರ್ಲಿನ್‌ನ ಕಪ್ಪು 'ಬರ್ಲಿನ್' ಓವರ್‌ಪ್ರಿಂಟ್ ಬಂದಿದ್ದು 1948ರ ಸೆಪ್ಟೆಂಬರ್‌ನಲ್ಲಿ, ಕೆಂಪು 1949ರ ಜನವರಿಯಲ್ಲಿ. ಅದಕ್ಕಿಂತ ಹಿಂದಿನ ತಾರೀಕಿದ್ದರೆ ಮುಟ್ಟಬೇಡಿ. ಅಲ್ಲಿ ಪರೀಕ್ಷಕರು ಚೀಟಿಯ ಹಿಂದೆ ಒತ್ತುವ ಪುಟ್ಟ ಗುರುತುಗಳಿಗೂ ನಕಲಿ ಇವೆ.

ಕೊಳ್ಳುವ ಮುಂಚೆ ಬರವಣಿಗೆಯಲ್ಲಿ ಒಂದು ಮಾತು ತೆಗೆದುಕೊಳ್ಳಿ: ತಜ್ಞರ ಸಮಿತಿ ನಕಲಿ ಎಂದರೆ ಪೂರ್ತಿ ಹಣ ವಾಪಸ್. ಆಸ್ಟ್ರೇಲಿಯಾ ಚೀಟಿಗಳಿಗೆ ರಾಯಲ್ ಫಿಲಾಟೆಲಿಕ್ ಸೊಸೈಟಿ ಆಫ್ ವಿಕ್ಟೋರಿಯಾ ಪ್ರಮಾಣಪತ್ರ ಕೊಡುತ್ತದೆ. ನನಗೆ ಮಾರಿದವನು ಬಿಲ್‌ನಲ್ಲಿ 'ಹಳೆಯ ಸ್ಟಾಂಪ್‌ಗಳು' ಎಂದಷ್ಟೇ ಬರೆದಿದ್ದ. ಕೇಳಲು ಹೋದಾಗ ಅದನ್ನೇ ಮುಂದಿಟ್ಟ. ನಿಮ್ಮ ಬಿಲ್‌ನಲ್ಲಿ ಓವರ್‌ಪ್ರಿಂಟ್‌ನ ಹೆಸರು, ಚೀಟಿಯ ಮುಖಬೆಲೆ, 'ಅಸಲಿ' ಎಂಬ ಪದ ಮೂರೂ ಇರಲಿ. ಬರೆದುಕೊಡಲ್ಲ ಅಂದರೆ ಚೀಟಿ ಅಲ್ಲೇ ಬಿಟ್ಟು ಬನ್ನಿ.